ಸಾಸಿವೆಯ ಘಾಟಿನಿಂದ ಭೂಮಿಯ ರೋಗಗಳನ್ನು ಹತೋಟಿಗೆ ತರುವ ಕ್ರಮ

ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ಹೋಬಳಿಯು ಹೇಮಾವತಿ ನದಿಯ ದಂಡೆಗೆ ಸೇರಿದ ಭೂಮಿ. ನಾಲೆಯ ಕೆಳಗಿನ ತರಿಯಲ್ಲಿ ಭತ್ತ ಮತ್ತು ಕಬ್ಬು, ಮೇಲಿನ ಖುಷ್ಕಿಯಲ್ಲಿ ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಇವು ಈ ಸೀಮೆಯಲ್ಲಿ ಹಿಂದಿನಿಂದ ನಡೆದುಬಂದ ಬೆಳೆಗಳು. ಕೊಳವೆ ಬಾವಿಗಳು ಹೆಚ್ಚಿದ ಮೇಲೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಮುಂತಾದ ತರಕಾರಿಗಳಿಗೆ ಮೊದಲಿಗಿಂತ ಹೆಚ್ಚು ಭೂಮಿ ಸಲ್ಲುತ್ತಿದೆ. ನೆರೆಯ ಕೃಷ್ಣರಾಜನಗರ, ಹೊಳೆನರಸೀಪುರ, ಹುಣಸೂರು ತಾಲ್ಲೂಕುಗಳಲ್ಲಿ ಜಮೀನನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವ ವಾಡಿಕೆಯೂ ಬಲವಾಗಿ ನೆಲೆಸಿದೆ. ಈ ಬೆಳೆಗಳಿಂದ ಕೈಗೆ ಬರುವ ಹಣವು ರಾಗಿ ಭತ್ತಗಳಿಂದ ಬರುವುದಕ್ಕಿಂತ ಅಧಿಕವೆಂಬುದೇನೋ ನಿಜ. ಆದರೆ ಒಂದೇ ತಾಕಿನಲ್ಲಿ ಎರಡು ಮೂರು ವರ್ಷ ಇವುಗಳನ್ನೇ ಬೆಳೆದಲ್ಲಿ ಗಿಡಗಳು ಹೂ ಬಿಡುವ ವೇಳೆಗೆ ಸೊರಗಿ ಬೀಳುವುದನ್ನೂ, ಒಟ್ಲು ಪಾತಿಗಳಲ್ಲಿ ಸಸಿಗಳು ಬುಡ ಕೊಳೆತು ಸಾಲುಸಾಲಾಗಿ ಮಲಗುವುದನ್ನೂ, ಶುಂಠಿಯ ಗೆಡ್ಡೆ ನೀರಾಗಿ ನಾರುವುದನ್ನೂ ಬೇಸಾಯಗಾರರು ಬಲ್ಲರು. ಇಂತಹ ಭೂಮಿಯನ್ನು ಸರಿಪಡಿಸಲು ಸಾಸಿವೆಯ ಗಿಡವನ್ನೇ ಹೇಗೆ ಉಪಯೋಗಿಸಬಹುದು, ಅದರಿಂದ ಆಗುವುದೆಷ್ಟು, ಆಗದಿರುವುದೆಷ್ಟು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಲೆಯ ಮೇಲೆ ಬರುವ ರೋಗಕ್ಕೂ ಮಣ್ಣಿನಿಂದ ಬರುವ ರೋಗಕ್ಕೂ ಇರುವ ಭೇದವನ್ನು ಮೊದಲು ತಿಳಿಯಬೇಕು. ಮಲೆನಾಡಿನ ಅಡಕೆಯ ಕೊಳೆರೋಗವನ್ನು ತೆಗೆದುಕೊಳ್ಳಬಹುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್‌ಮನ್ ಅವರು ಆ ರೋಗದ ಮೂಲವನ್ನು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣಗಳ ದ್ರಾವಣವನ್ನು ಗೊನೆಗಳ ಮೇಲೆ ಸಿಂಪಡಿಸುವ ಕ್ರಮವನ್ನು ತೋಟಗಾರರಿಗೆ ಕಲಿಸಿದರು. ಅಲ್ಲಿ ರೋಗವು ಕಣ್ಣಿಗೆ ಕಾಣುವ ಗೊನೆಯ ಮೇಲೆ ಇತ್ತು, ಮದ್ದೂ ಅಲ್ಲಿಗೇ ತಲಪಿತು. ಮಣ್ಣಿನ ರೋಗದಲ್ಲಿ ಈ ಅನುಕೂಲವಿಲ್ಲ. ರೋಗಾಣುಗಳು ಒಂದು ಅಡಿ ಆಳದವರೆಗೆ, ಹಳೆಯ ಬೇರಿನ ಚೂರುಗಳಲ್ಲಿ, ಹೆಂಟೆಗಳ ಒಳಗೆ ಅಡಗಿರುತ್ತವೆ. ಮೇಲಿನಿಂದ ಸುರಿದ ಮದ್ದಿನ ನೀರು ಮೇಲಣ ಒಂದೆರಡು ಅಂಗುಲದಲ್ಲಿಯೇ ಇಂಗಿ ನಿಂತುಬಿಡುತ್ತದೆ. ಮಣ್ಣಿನ ಸಂದುಗೊಂದುಗಳನ್ನೆಲ್ಲ ಹೊಕ್ಕು ಬರಬಲ್ಲದ್ದು ಹೊಗೆಯಂತೆ ಹರಡುವ ಆವಿಯೊಂದೇ.

ಈ ಕಾರಣದಿಂದಲೇ ಹೊರದೇಶಗಳಲ್ಲಿ ವಿಷದ ಆವಿಗಳನ್ನು ಭೂಮಿಗೆ ಊಡುವ ಪದ್ಧತಿಯು ಬೆಳೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಪ್ರಯೋಗಿಸಿದ ಕ್ಲೋರೋಪಿಕ್ರಿನ್ ಎಂಬ ವಿಷವೂ ಆಮೇಲೆ ಹೊಲಗಳಿಗೆ ಬಂದಿತು. ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬಂದದ್ದು ಮೀಥೈಲ್ ಬ್ರೋಮೈಡ್. ಅದು ಆಕಾಶದ ಓಝೋನ್ ಪದರವನ್ನು ತಿನ್ನುವುದೆಂದು ಗೊತ್ತಾದ ಮೇಲೆ 1992ರಲ್ಲಿ ಅದನ್ನು ಮಾಂಟ್ರಿಯಲ್ ಒಡಂಬಡಿಕೆಯ ಪಟ್ಟಿಗೆ ಸೇರಿಸಲಾಯಿತು. ಮುಂದುವರಿದ ದೇಶಗಳು 2005ರೊಳಗೆ, ಉಳಿದ ದೇಶಗಳು 2015ರೊಳಗೆ ಹೊಲಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸತಕ್ಕದ್ದೆಂದು ಗೊತ್ತುಪಡಿಸಲಾಯಿತು. ಇಂತಹ ವಿಷಗಳು ನಮ್ಮ ಸಣ್ಣ ಹಿಡುವಳಿಗಳಿಗೆ ಎಂದೂ ಸಲ್ಲತಕ್ಕವಾಗಿರಲಿಲ್ಲ. ಮನೆ, ಕೊಟ್ಟಿಗೆ, ಬಾವಿಗಳ ಮಗ್ಗುಲಲ್ಲಿಯೇ ಇರುವ ತಾಕಿನಲ್ಲಿ ಅವನ್ನು ಊಡುವುದು ಆಪತ್ತಿನ ಕೆಲಸವೇ ಸರಿ.

ಸಾಸಿವೆಯ ಗುಣ

ಸಾಸಿವೆಯು ಇದೇ ಕೆಲಸವನ್ನು ಕಡಿಮೆ ಬಲದಿಂದ, ಆದರೆ ಅಪಾಯವಿಲ್ಲದೆ ಮಾಡುವುದು. ಇದರ ಗುಟ್ಟನ್ನು ತಿಳಿಯಲು ಅಡಿಗೆಮನೆಯೇ ಸಾಕು. ಸಾಸಿವೆಯ ಕಾಳನ್ನು ಹಾಗೆಯೇ ಮೂಸಿದರೆ ಯಾವ ವಾಸನೆಯೂ ಇಲ್ಲ. ಅದನ್ನೇ ನೀರು ಚಿಮುಕಿಸಿ ಒರಳಿನಲ್ಲಿ ಅರೆದರೆ ಘಾಟು ಮೂಗಿಗೆ ಏರಿ ಕಣ್ಣಿನಲ್ಲಿ ನೀರು ಬರುತ್ತದೆ. ಆದರೆ ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯನ್ನು ಅಗಿದರೆ ಆ ಘಾಟು ಇರುವುದಿಲ್ಲ. ಕಾರಣವೇನೆಂದರೆ, ಸಾಸಿವೆಯ ಕಾಳಿನಲ್ಲಿಯೂ ಎಲೆ, ದಂಟು, ಬೇರುಗಳಲ್ಲಿಯೂ ಎರಡು ವಸ್ತುಗಳು ಬೇರೆ ಬೇರೆ ಗೂಡುಗಳಲ್ಲಿ ಕೂಡಿಟ್ಟಂತೆ ಇರುತ್ತವೆ. ಒಂದು ಗಂಧಕವನ್ನೊಳಗೊಂಡ ಸಿನಿಗ್ರಿನ್ ಎಂಬ ವಸ್ತು. ಇನ್ನೊಂದು ಅದನ್ನು ಒಡೆಯುವ ಮೈರೋಸಿನ್ ಎಂಬ ಕಿಣ್ವ. ಇವೆರಡನ್ನೂ 1840ರ ಸುಮಾರಿಗೆ ಫ್ರಾನ್ಸ್ ದೇಶದ ರಸಾಯನ ಪಂಡಿತ ಬುಸ್ಸಿ ಎಂಬುವರು ಬೇರ್ಪಡಿಸಿ ತೋರಿಸಿದರು. ಗಿಡವನ್ನು ಜಜ್ಜಿ ಗೂಡುಗಳು ಒಡೆದಾಗ, ನೀರಿನ ತೇವವೂ ಇದ್ದರೆ, ಎರಡೂ ಕೂಡಿ ಅಲೈಲ್ ಐಸೋಥಯೋಸಯನೇಟ್ ಎಂಬ ಘಾಟು ಆವಿ ಹುಟ್ಟುತ್ತದೆ. ಬಿಸಿ ಎಣ್ಣೆಯಲ್ಲಿ ಕಿಣ್ವವು ಸತ್ತುಹೋಗುವುದರಿಂದ ಒಗ್ಗರಣೆಯ ಸಾಸಿವೆ ಸೌಮ್ಯವಾಗುವುದು. ಉಪ್ಪಿನಕಾಯಿಗೆ ಸಾಸಿವೆಯ ಪುಡಿಯನ್ನು ಹಾಕುವ ಗೃಹಿಣಿಯು ರುಚಿಗೆಂದು ಹಾಕಿದರೂ, ಬೂಷ್ಟು ಹಿಡಿಯದಂತೆ ಕಾಯುವುದರಲ್ಲಿ ಈ ಆವಿಗೂ ಒಂದು ಪಾಲುಂಟು. ಭೂಮಿಯಲ್ಲಿ ಬೇಕಾದದ್ದೂ ಅದೇ.

ಆಸ್ಟ್ರೇಲಿಯಾ ದೇಶದಲ್ಲಿ ಸಾಸಿವೆ ಜಾತಿಯ ಬೆಳೆಯನ್ನು ಬೆಳೆದ ಹೊಲದಲ್ಲಿ ಮರುವರ್ಷದ ಗೋಧಿಯ ಬೇರು ಹೆಚ್ಚು ಆರೋಗ್ಯವಾಗಿರುವುದನ್ನು ಕಂಡು, ಕಿರ್ಕೆಗಾರ್ಡ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 1993ರಲ್ಲಿ ಈ ಕ್ರಮಕ್ಕೆ ‘ಬಯೋಫ್ಯೂಮಿಗೇಷನ್’ ಎಂಬ ಹೆಸರನ್ನಿಟ್ಟರು. ಸಸ್ಯಧೂಪನ ಎಂದರೆ ಕನ್ನಡದಲ್ಲಿ ಅರ್ಥವಾದೀತು. ಹೆಸರು ಹೊಸದಾದರೂ, ರಾಗಿಯ ಹೊಲದಲ್ಲಿ ಸಾಸಿವೆಯ ಸಾಲನ್ನು ಬಿಡದೆ ಹಾಕಿಕೊಂಡು ಬಂದ ಸೀಮೆಗೆ ಈ ಗಿಡವೇನೂ ಹೊಸದಲ್ಲ. ಆದರೆ ಅಕ್ಕಡಿಯ ಒಂದು ಸಾಲು ಸಾಸಿವೆಯಿಂದ ಭೂಮಿಯ ರೋಗವು ಹೋಗುವುದೆಂದು ಯಾರೂ ತಿಳಿಯಬಾರದು. ಕಾಳು ಬಲಿತು ಒಣಗಿದ ಗಿಡದಲ್ಲಿ ಕಾರವು ಕಾಳಿಗೆ ಸೇರಿಹೋಗಿರುತ್ತದೆ. ಆ ಕಡ್ಡಿಯನ್ನು ಉತ್ತರೆ ಗೊಬ್ಬರವಾದೀತೇ ಹೊರತು ಧೂಪವಾಗದು.

ರೋಗವನ್ನು ಗುರುತಿಸುವುದು

ಯಾವ ರೋಗವೆಂದು ತಿಳಿಯದೆ ಚಿಕಿತ್ಸೆಗೆ ಕೈಹಾಕುವುದು ಹಣವನ್ನು ಹೊಳೆಗೆ ಹಾಕಿದಂತೆ. ತರಕಾರಿ ಮತ್ತು ಶುಂಠಿಯ ಭೂಮಿಯಲ್ಲಿ ಮುಖ್ಯವಾಗಿ ಮೂರು ಬಗೆಯ ಶತ್ರುಗಳುಂಟು.

ಮೊದಲನೆಯವು ಬೂಷ್ಟಿನ ಜಾತಿಯವು. ಪಾತಿಯಲ್ಲಿ ಸಸಿಯ ಬುಡವನ್ನು ನೀರಿನಲ್ಲಿ ನೆನೆದ ದಾರದಂತೆ ಮಾಡಿ ಬೀಳಿಸುವುದೂ, ಶುಂಠಿಯ ಗೆಡ್ಡೆಯನ್ನು ಮೆತ್ತಗೆ ಕೊಳೆಯಿಸುವುದೂ ಹೆಚ್ಚಾಗಿ ಪಿಥಿಯಂ ಎಂಬ ಜಾತಿ. ಬುಡದಲ್ಲಿ ಬಿಳಿಯ ನೂಲನ್ನೂ, ಸಾಸಿವೆಯ ಕಾಳಿನಂತಹ ಕಂದು ಗುಂಡುಗಳನ್ನೂ ಬಿಡುವುದು ಸ್ಕ್ಲೆರೋಷಿಯಂ ಎಂಬ ಮತ್ತೊಂದು ಜಾತಿ. ಎರಡನೆಯದು ಹಸುರಾಗಿದ್ದ ಗಿಡವನ್ನು ಎಲೆ ಹಳದಿಯಾಗುವುದಕ್ಕೂ ಅವಕಾಶ ಕೊಡದೆ ಎರಡು ಮೂರು ದಿನಗಳಲ್ಲಿ ಬಾಡಿಸುವ ದುಂಡಾಣು ಸೊರಗು. ಇದನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಡ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕೊಯ್ದು, ಕೊಯ್ದ ತುದಿಯು ನೀರಿಗೆ ಮುಟ್ಟುವಂತೆ ಗಾಜಿನ ಲೋಟದಲ್ಲಿ ಅಲುಗಾಡದೆ ಹಿಡಿದರೆ, ಕೆಲವು ನಿಮಿಷಗಳಲ್ಲಿ ಹಾಲಿನ ಎಳೆಯಂತಹ ದ್ರವವು ಕೆಳಗಿಳಿಯುವುದು ಕಾಣುತ್ತದೆ. ಹೀಗೆ ಕಂಡರೆ ದುಂಡಾಣು ಸೊರಗೇ ಎಂದು ತಿಳಿಯಬಹುದು. ಮೂರನೆಯದು ಬೇರುಗಂಟಿನ ಜಂತುಹುಳು. ಗಿಡವು ಸಾಯದೆ ಕುಳ್ಳಾಗಿ, ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತಾ ಇರುತ್ತದೆ. ಕಿತ್ತು ನೋಡಿದರೆ ಬೇರಿನ ತುಂಬ ಗಂಟುಗಳಿರುತ್ತವೆ.

ಸಾಸಿವೆಯ ಘಾಟು ಬೂಷ್ಟುಗಳ ಮೇಲೆ ಚೆನ್ನಾಗಿ ನಡೆಯುವುದು. ಜಂತುಹುಳುವಿನ ಮೇಲೂ ನಡೆಯುವುದು, ಆದರೆ ಮುಂದೆ ಹೇಳುವ ಎಚ್ಚರಿಕೆಯೊಡನೆ. ದುಂಡಾಣು ಸೊರಗಿನ ಮೇಲೆ ಅದರ ಬಲವು ಸಾಧಾರಣ. ಫಿಲಿಪ್ಪೈನ್ಸ್ ದ್ವೀಪಗಳ ತರಕಾರಿ ಸೀಮೆಯಲ್ಲಿ ಆಸ್ಟ್ರೇಲಿಯಾದವರ ಸಹಾಯದಿಂದ ಸಾಸಿವೆ, ಮೂಲಂಗಿ ಮುಂತಾದವುಗಳನ್ನು ಉತ್ತು ಪರೀಕ್ಷಿಸಿದಾಗ ಸೊರಗು ತಗ್ಗಿತಾದರೂ ನಿರ್ಮೂಲವಾಗಲಿಲ್ಲ.

ಬೆಳೆದು ಉಳುವ ಕ್ರಮ

ಸಾಸಿವೆಯು ಚಳಿಗಾಲದಲ್ಲಿ ಚೆನ್ನಾಗಿ ಸೊಕ್ಕುವ ಗಿಡ. ಭತ್ತ ಅಥವಾ ರಾಗಿಯ ಕೊಯಿಲಾದ ಕೂಡಲೆ, ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ, ಭೂಮಿಯ ತೇವವಿರುವಾಗಲೇ ಬಿತ್ತಿದರೆ ಜನವರಿ ಕೊನೆಯಿಂದ ಮಾರ್ಚಿಯೊಳಗೆ ಉಳುವುದಕ್ಕೆ ಬರುತ್ತದೆ. ಬೇಸಿಗೆಯ ತರಕಾರಿಗೂ, ಏಪ್ರಿಲ್ ತಿಂಗಳಿನ ಶುಂಠಿಯ ನಾಟಿಗೂ ಇದು ಹೊಂದುವುದು. ಮುಂಗಾರಿನಲ್ಲಿ ಟೊಮ್ಯಾಟೊ ನೆಡುವವರು ಅಶ್ವಿನಿ ಮಳೆಗೆ ಬಿತ್ತಿ ರೋಹಿಣಿಯಲ್ಲಿ ಉಳಬಹುದು. ಆ ಕಾಲದಲ್ಲಿ ಗಿಡವು ಬೇಗ ಹೂವಿಗೆ ಬಂದುಬಿಡುವುದರಿಂದ ಸೊಪ್ಪಿನ ತೂಕವು ಕಡಿಮೆ.

ಊರಿನ ಕಾರವಾದ ಕರಿಸಾಸಿವೆಯೇ ಈ ಕೆಲಸಕ್ಕೆ ತಕ್ಕದ್ದು. ಎಣ್ಣೆಗಾಗಿಯೂ ದನದ ಹಿಂಡಿಗಾಗಿಯೂ ಕಾರವನ್ನು ತಗ್ಗಿಸಿ ಮಾಡಿದ ಹೊಸ ತಳಿಗಳು ಬೇರೆ ಉಪಯೋಗಕ್ಕೆ ಎಷ್ಟೇ ಒಳ್ಳೆಯವಾದರೂ ಇಲ್ಲಿ ಪ್ರಯೋಜನಕ್ಕೆ ಬಾರವು. ಬೀಜವನ್ನು ಕೊಳ್ಳುವಾಗ ಒಂದು ಚಿಟಿಕೆ ಕಾಳನ್ನು ನೀರಿನಲ್ಲಿ ಅರೆದು ಮೂಸಿ ನೋಡಿದರೆ ಗೊತ್ತಾಗುವುದು. ಎಕರೆಗೆ 4 ಕಿಲೋ ಬೀಜವನ್ನು ಮರಳಿನೊಡನೆ ಕಲಸಿ ಒತ್ತಾಗಿ ಎರಚಬೇಕು. ಕಾಳಿಗಾಗಿ ಬೆಳೆಯುವಾಗ ಇಷ್ಟು ಬೀಜ ಬೇಡ. ಇಲ್ಲಿ ಬೇಕಾದ್ದು ಸೊಪ್ಪು. ಘಾಟಿನ ಮೂಲವು ಗಂಧಕವಾದುದರಿಂದ ಬಿತ್ತುವ ಮುಂಚೆ ಎಕರೆಗೆ 50 ಕಿಲೋ ಜಿಪ್ಸಂ ಹಾಕಿದರೆ ಗಿಡದ ಕಾರವು ಹೆಚ್ಚುವುದು. ಸಾರಜನಕಕ್ಕಾಗಿ ಯೂರಿಯಾದ ಬದಲು ಅಮೋನಿಯಂ ಸಲ್ಫೇಟನ್ನು ಕೊಟ್ಟರೆ ಅದರಲ್ಲಿಯೂ ಗಂಧಕವುಂಟು.

ಬಿತ್ತಿದ 45ರಿಂದ 55 ದಿನಗಳೊಳಗೆ ಗಿಡಗಳು ಹೂವಿಗೆ ಬರುತ್ತವೆ. ಹೂವು ಅಲ್ಲಲ್ಲಿ ಅರಳಿ, ಕಾಯಿ ಇನ್ನೂ ಕಟ್ಟದಿರುವ ಹೊತ್ತೇ ಉಳುವ ಹೊತ್ತು. ಆಗ ಒಂದು ಮೀಟರು ಉದ್ದಗಲದ ಚೌಕವನ್ನು ಅಳೆದು, ಅದರೊಳಗಿನ ಗಿಡಗಳನ್ನೆಲ್ಲ ಕಿತ್ತು ತೂಗಬೇಕು. 5 ಕಿಲೋ ತೂಗಿದರೆ, ಎಂದರೆ ಎಕರೆಗೆ 20 ಟನ್ನಿನಷ್ಟು ಸೊಪ್ಪಿದ್ದರೆ, ಧೂಪಕ್ಕೆ ಸಾಕಾದಷ್ಟು ಬಲವುಂಟು. ಅದರ ಅರ್ಧವೂ ಇಲ್ಲದಿದ್ದರೆ ಅದು ಕೇವಲ ಹಸುರು ಗೊಬ್ಬರವೆಂದು ಎಣಿಸಿ, ಹೆಚ್ಚಿನದನ್ನು ನಿರೀಕ್ಷಿಸದಿರುವುದು ಲೇಸು.

ಇಲ್ಲಿಂದ ಮುಂದಿನ ಒಂದು ಗಂಟೆಯ ಕೆಲಸವೇ ಸಮಸ್ತಕ್ಕೂ ಆಧಾರ. ಜನರು ಸಾಮಾನ್ಯವಾಗಿ ತಪ್ಪುವುದೂ ಇಲ್ಲಿಯೇ. ಅಪ್ಸೆಣಬನ್ನು ಮಡಕೆ ಹೊಡೆದು ಮಗುಚಿ, ನಿಧಾನವಾಗಿ ಕೊಳೆಯಲೆಂದು ಬಿಡುವಂತೆ ಸಾಸಿವೆಯನ್ನೂ ಬಿಟ್ಟರೆ, ಗೂಡುಗಳು ಒಡೆಯದೆ ಘಾಟು ಹುಟ್ಟುವುದೇ ಇಲ್ಲ. ಗಿಡವನ್ನು ಜಜ್ಜಬೇಕು. ಎಷ್ಟು ನುಣ್ಣಗೆ ಜಜ್ಜಿದರೆ ಅಷ್ಟು ಆವಿ. ಟ್ರಾಕ್ಟರಿನ ಹಿಂದೆ ಕಟ್ಟುವ ಸೊಪ್ಪು ಕತ್ತರಿಸುವ ಯಂತ್ರವು ಸಿಕ್ಕಿದರೆ ಉತ್ತಮ. ಇಲ್ಲವಾದರೆ ರೋಟವೇಟರನ್ನೇ ಎರಡು ಸಾರಿ ಹೊಡೆಯಬೇಕು. ಸಣ್ಣ ತಾಕುಗಳಲ್ಲಿ ಕಣದ ರೋಣಗಲ್ಲನ್ನು ನಿಂತ ಗಿಡದ ಮೇಲೆ ಉರುಳಿಸಿ ಜಜ್ಜಿ, ಒಡನೆಯೇ ಉಳಬಹುದು. ಜಜ್ಜಿದ ಸೊಪ್ಪು ಬಿಸಿಲಿನಲ್ಲಿ ಬಿದ್ದಿದ್ದರೆ ಆವಿಯು ಗಾಳಿಗೆ ಹೋಗಿಬಿಡುವುದು. ಬೆಳಿಗ್ಗೆ ಕತ್ತರಿಸಿ ಸಂಜೆಗೆ ಉಳುವುದು ಒಲೆಯ ಮೇಲಿನ ಹಾಲನ್ನು ಉಕ್ಕಿಸಿ ಬರಿಯ ಪಾತ್ರೆಯನ್ನು ಮುಚ್ಚಿಟ್ಟಂತೆಯೇ ಸರಿ. ಆದುದರಿಂದ ಸೊಪ್ಪು ಜಜ್ಜುವವನ ಹಿಂದೆಯೇ ಉಳುವವನು, ಅವನ ಹಿಂದೆಯೇ ಹಲಗೆ ಹೊಡೆಯುವವನು ಇರಬೇಕು. ಸೊಪ್ಪು ಆರೆಂಟು ಅಂಗುಲ ಆಳದವರೆಗೆ ಬೆರೆಯಬೇಕು. ಮೇಲ್ಮಣ್ಣನ್ನು ಹಲಗೆಯಿಂದ ಒತ್ತಿ ಬಾಯಿ ಮುಚ್ಚಿ, ಅಂದೇ ತೆಳುವಾಗಿ ನೀರು ಕಟ್ಟಬೇಕು. ಆ ನೀರು ಕಿಣ್ವದ ಕೆಲಸಕ್ಕೂ ಬೇಕು, ಮೇಲಿನ ಸಂದುಗಳನ್ನು ಮುಚ್ಚುವುದಕ್ಕೂ ಬೇಕು. ಮಣ್ಣು ಉತ್ತಾಗಲೇ ಧೂಳಾಗುವಷ್ಟು ಒಣಗಿದ್ದರೆ ಎರಡು ದಿನ ಮುಂಚೆಯೇ ಹದಕ್ಕೆ ನೀರು ಹಾಯಿಸಿರಬೇಕು. ಸಂಜೆಯ ತಂಪು ಹೊತ್ತನ್ನು ಆರಿಸಿಕೊಂಡರೆ ಆವಿಯ ನಷ್ಟವೂ ಕಡಿಮೆ, ಆಳುಗಳ ಕಣ್ಣುರಿಯೂ ಕಡಿಮೆ. ಗಾಳಿಗೆ ಬೆನ್ನು ಮಾಡಿ ಕೆಲಸ ಮಾಡತಕ್ಕದ್ದು.

ಘಾಟಿನ ಹೆಚ್ಚಿನ ಪಾಲು ಮೊದಲನೆಯ ದಿನವೇ ಹೊರಟು ಕೆಲವು ದಿನಗಳಲ್ಲಿ ಅಡಗುವುದು. ಹಾಗೆಂದು ಮೂರನೆಯ ದಿನ ಸಸಿ ನೆಡಬಾರದು. ಉಳಿದ ಘಾಟು ಸಸಿಯ ಬೇರನ್ನೂ ಸುಡುವುದಲ್ಲದೆ, ಕೊಳೆಯುತ್ತಿರುವ ಹಸಿ ಸೊಪ್ಪಿನ ಮೇಲೆ ಪಿಥಿಯಂ ಬೂಷ್ಟು ಮೊದಲಿಗಿಂತಲೂ ಹೆಚ್ಚಾಗಿ ಬೆಳೆಯುವುದುಂಟು. ಎರಡು ವಾರ ಕಾದು, ಒಮ್ಮೆ ತೆಳುವಾಗಿ ಉತ್ತು ಗಾಳಿಯಾಡಿಸಿ, ಇನ್ನೊಂದು ವಾರದ ಮೇಲೆ ನೆಡುವುದು ಕ್ಷೇಮ. ಸಂಶಯವಿದ್ದರೆ ಆ ಮಣ್ಣನ್ನು ಒಂದು ಡಬ್ಬಿಯಲ್ಲಿ ತುಂಬಿ ನಾಲ್ಕು ದಂಟಿನ ಬೀಜವನ್ನೋ ಮೂಲಂಗಿಯ ಬೀಜವನ್ನೋ ಹಾಕಿ ಮುಚ್ಚಿಟ್ಟು ನೋಡಬೇಕು. ಅವು ಸಹಜವಾಗಿ ಮೊಳೆತರೆ ಭೂಮಿ ನೆಡುವುದಕ್ಕೆ ಸಿದ್ಧವಾಗಿದೆ.

ಘಾಟು ರೋಗಾಣುವನ್ನೂ ಒಳ್ಳೆಯ ಜೀವಿಯನ್ನೂ ಆರಿಸಿ ಕೊಲ್ಲುವುದಿಲ್ಲ. ಬರಿದಾದ ಮನೆಗೆ ಮೊದಲು ಯಾರು ಸೇರುವರೋ ಅವರದೇ ಮನೆಯಾಗುವಂತೆ, ಮಣ್ಣಿನಲ್ಲಿಯೂ ಆಗುವುದು. ಅದಕ್ಕಾಗಿ ಗಾಳಿಯಾಡಿಸುವಾಗ ಟ್ರೈಕೋಡರ್ಮ ಎಂಬ ಉಪಕಾರಿ ಬೂಷ್ಟನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಒಂದೆರಡು ವಾರ ಬೆಳೆಯಿಸಿ ಹರಡುವುದು ಉತ್ತಮ.

ಒಟ್ಲು ಪಾತಿಗೆ ಹಿಂಡಿ

ಪಾತಿಗಳಂತಹ ಸ್ವಲ್ಪ ಸ್ಥಳಕ್ಕೆ ಸಾಸಿವೆಯನ್ನು ಬೆಳೆದೇ ಉಳಬೇಕೆಂಬುದಿಲ್ಲ. ಸಾಸಿವೆಯ ಹಿಂಡಿಯನ್ನು ಪುಡಿಮಾಡಿ ಚದರ ಮೀಟರಿಗೆ 250 ಗ್ರಾಮಿನಂತೆ ಬೆರೆಸಿ, ನೀರು ಚಿಮುಕಿಸಿ, ತಿಳಿಯಾದ ಪಾಲಿಥೀನ್ ಹಾಳೆಯನ್ನು ಹೊದಿಸಿ ಅಂಚುಗಳನ್ನು ಮಣ್ಣಿನಿಂದ ಮುಚ್ಚಬೇಕು. ಏಳೂವರೆ ಮೀಟರು ಉದ್ದ, ಒಂದು ಕಾಲು ಮೀಟರು ಅಗಲದ ಪಾತಿಗೆ ಸುಮಾರು 2.35 ಕಿಲೋ ಹಿಂಡಿ ಸಾಕು. ಮರದ ಗಾಣದಲ್ಲಿ ತಣ್ಣಗೆ ತೆಗೆದ ಹಿಂಡಿಯೇ ಆಗಬೇಕು. ಬಿಸಿಮಾಡಿ ಎಣ್ಣೆ ತೆಗೆದ ಹಿಂಡಿಯಲ್ಲಿ, ಒಗ್ಗರಣೆಯ ಸಾಸಿವೆಯಲ್ಲಿ ಆದಂತೆಯೇ, ಕಿಣ್ವವು ಸತ್ತಿರುತ್ತದೆ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಈ ಹಾಳೆಯನ್ನು ನಾಲ್ಕರಿಂದ ಆರು ವಾರ ಹಾಗೆಯೇ ಬಿಟ್ಟರೆ ಬಿಸಿಲಿನ ಕಾವೂ ಸಾಸಿವೆಯ ಘಾಟೂ ಕೂಡಿ ಒಂದೊಂದಕ್ಕಿಂತ ಹೆಚ್ಚು ಕೆಲಸ ಮಾಡುವುವು. ಖರ್ಚಿಗೂ ಶ್ರಮಕ್ಕೂ ತಕ್ಕ ಫಲವು ಎಲ್ಲಕ್ಕಿಂತ ನಿಶ್ಚಯವಾಗಿ ದೊರೆಯುವುದು ಪಾತಿಯಲ್ಲಿಯೇ ಆದುದರಿಂದ, ಹೊಸದಾಗಿ ಪ್ರಾರಂಭಿಸುವವರು ಇಲ್ಲಿಂದ ಪ್ರಾರಂಭಿಸುವುದು ಯುಕ್ತ.

ಬೇವಿನ ಹಿಂಡಿ, ಹೊಂಗೆಯ ಹಿಂಡಿಗಳನ್ನು ಇದರೊಡನೆ ಒಂದೇ ಎಂದು ಎಣಿಸುವವರುಂಟು. ಅವುಗಳಿಂದ ಇಂತಹ ಆವಿ ಹೊರಡುವುದಿಲ್ಲ. ಅವುಗಳ ಕಹಿಯು ಮಣ್ಣಿನಲ್ಲಿ ನಿಧಾನವಾಗಿ ಕೆಲಸ ಮಾಡುವುದು. ಹಾಗಾದರೂ ಅವು ಕೀಳೇನಲ್ಲ. ಶುಂಠಿಯನ್ನು ನೆಡುವಾಗ ಹೆಕ್ಟೇರಿಗೆ 2 ಟನ್ ಬೇವಿನ ಹಿಂಡಿಯನ್ನು ಕೊಟ್ಟರೆ ಗೆಡ್ಡೆ ಕೊಳೆಯುವುದು ತಗ್ಗುವುದೆಂದು ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯು ಶಿಫಾರಸು ಮಾಡಿದೆ. ಸಾಸಿವೆಯನ್ನು ಉತ್ತ ಭೂಮಿಗೂ ಇದನ್ನು ಹಾಕಬಹುದು.

ಎಚ್ಚರಿಕೆಗಳು

ಬೇರುಗಂಟಿನ ಜಂತುಹುಳುವು ಸಾಸಿವೆಯ ಬೇರಿನಲ್ಲಿಯೂ ವಾಸಮಾಡುವುದು. ಬೆಚ್ಚಗಿನ ಮಣ್ಣಿನಲ್ಲಿ ಅದರ ಒಂದು ತಲೆಮಾರು ಸುಮಾರು ಒಂದು ತಿಂಗಳಿನಲ್ಲಿ ಮುಗಿಯುತ್ತದೆ. ಆದ ಕಾರಣ ಗಂಟುಹುಳುವಿನ ಭೂಮಿಯಲ್ಲಿ ಸಾಸಿವೆಯನ್ನು ಬೇಸಿಗೆಯಲ್ಲಿ ಬೆಳೆಯುವುದಾಗಲಿ, ಹೂವಿನ ಕಾಲ ಮೀರಿ ನಿಲ್ಲಿಸುವುದಾಗಲಿ ಶತ್ರುವಿಗೆ ಊಟವಿಕ್ಕಿದಂತಾಗುವುದು. ಅಂತಹ ಭೂಮಿಗೆ ಚೆಂಡುಹೂವೇ ಲೇಸು. ಚೆಂಡುಹೂವಿನ ಬೇರಿನಲ್ಲಿರುವ ವಸ್ತುವು ಬೇರಿನೊಳಗೆ ಹೊಕ್ಕ ಹುಳುವನ್ನು ಬೆಳೆಯಗೊಡುವುದಿಲ್ಲ. ಎರಡು ಮೂರು ತಿಂಗಳು ಒತ್ತಾಗಿ ಬೆಳೆದರೆ ಹುಳು ತಗ್ಗುವುದು, ಹೂವಿಗೆ ಪೇಟೆಯೂ ಉಂಟು.

ಜೋಳದ ಜಾತಿಯ ಎಳೆಯ ಸಸಿಯನ್ನು ಮೇದ ದನಗಳು ಉಬ್ಬಸಪಟ್ಟು ಸಾಯುವುದನ್ನು ಬೇಸಾಯಗಾರರು ತಿಳಿದಿರುವರು. ಅದಕ್ಕೆ ಕಾರಣವಾದ ಹೈಡ್ರೋಜನ್ ಸಯನೈಡ್ ಎಂಬ ವಿಷದ ಆವಿಯು ಎಳೆಯ ಜೋಳವನ್ನು ಜಜ್ಜಿ ಉತ್ತಾಗ ಮಣ್ಣಿನಲ್ಲಿಯೂ ಹುಟ್ಟುವುದು. ಹೊರದೇಶಗಳಲ್ಲಿ ಸೂಡಾನ್ ಹುಲ್ಲನ್ನು ಹೀಗೆಯೇ ಜಂತುಹುಳುವಿಗಾಗಿ ಉಳುವುದುಂಟು. ಸಾಸಿವೆಗೆ ಸೆಕೆ ಹೆಚ್ಚಾದ ತಿಂಗಳುಗಳಲ್ಲಿ ಇದು ಉಪಯೋಗಕ್ಕೆ ಬಂದೀತು. ಆದರೆ ಆ ತಾಕಿಗೆ ದನಗಳು ನುಗ್ಗದಂತೆ ಕಾವಲಿಡತಕ್ಕದ್ದು. ಹೂವಿಗೆ ಬಂದ ಸಾಸಿವೆಯನ್ನೂ ದನಗಳಿಗೆ ಹೊಟ್ಟೆ ತುಂಬ ಮೇಯಿಸಬಾರದು.

ಎಲೆಕೋಸು, ಹೂಕೋಸು, ಮೂಲಂಗಿಗಳು ಸಾಸಿವೆಯ ಕುಲಕ್ಕೆ ಸೇರಿದವು. ಇವುಗಳನ್ನು ಬೆಳೆಯುವ ತಾಕಿನಲ್ಲಿ ಸಾಸಿವೆಯನ್ನು ಹಾಕಿದರೆ ಒಂದೇ ಹುಳು, ಒಂದೇ ರೋಗ ಎರಡು ಬೆಳೆಗಳ ಮೇಲೆ ಬಲಿಯುವುದು.

ಭತ್ತವೆಂಬ ಕಾವಲು

ಅಕ್ಕಿಯ ಹೆಸರನ್ನೇ ಹೊತ್ತ ಊರಿನಲ್ಲಿ ಈ ಮಾತನ್ನು ಬಿಡುವಂತಿಲ್ಲ. ಮೂರು ನಾಲ್ಕು ತಿಂಗಳು ನೀರು ನಿಂತ ಕೆಸರುಗದ್ದೆಯಲ್ಲಿ ಗಾಳಿಯಿಲ್ಲದೆ ಅನೇಕ ಬೂಷ್ಟುಗಳೂ ತರಕಾರಿಯ ಗಂಟುಹುಳುಗಳೂ ಸಾಯುವುವು. ದುಂಡಾಣು ಸೊರಗೂ ಬಹಳ ಮಟ್ಟಿಗೆ ತಗ್ಗುವುದು. ನಾಲೆಯ ನೀರುಳ್ಳ ಜಮೀನಿನವನು ತರಕಾರಿಯ ಆಸೆಯಿಂದ ಭತ್ತವನ್ನು ಪೂರಾ ಬಿಟ್ಟರೆ ಖರ್ಚಿಲ್ಲದ ಈ ಮದ್ದನ್ನು ಕೈಯಾರೆ ಕಳೆದುಕೊಂಡಂತೆ. ಮುಂಗಾರಿನಲ್ಲಿ ಭತ್ತ, ಚಳಿಗಾಲದಲ್ಲಿ ಸಾಸಿವೆಯ ಧೂಪ, ಬೇಸಿಗೆಯಲ್ಲಿ ತರಕಾರಿ ಎಂಬ ಸರದಿಯು ಹೇಮಾವತಿಯ ತರಿಭೂಮಿಗೆ ಹೇಳಿ ಮಾಡಿಸಿದಂತಿದೆ. ಸಾಸಿವೆಯು ಹೆಚ್ಚಾಗಿ ಬೇಕಾಗಿರುವುದು ಭತ್ತವನ್ನು ಬೆಳೆಯಲಾಗದ ಬೋರಿನ ತೋಟಗಳಿಗೆ ಮತ್ತು ಏರಿನ ಕೆಂಪು ಭೂಮಿಗೆ.

ನೀರು, ಗುತ್ತಿಗೆ ಮತ್ತು ಊರಿನ ಮುಖಂಡರ ಕರ್ತವ್ಯ

ಇಷ್ಟನ್ನೂ ಒಬ್ಬ ರೈತನು ತನ್ನ ತಾಕಿನಲ್ಲಿ ಮಾಡಬಹುದು. ಆದರೆ ಮೇಲಿನ ತಾಕಿನಲ್ಲಿ ಸೊರಗಿದ ಟೊಮ್ಯಾಟೊ ಗಿಡಗಳನ್ನು ಕಿತ್ತು ಕಾಲುವೆಗೆ ಎಸೆದರೆ, ಕೆಳಗಿನವನ ಒಂದು ಎಕರೆ ಸಾಸಿವೆಯೂ ಮೂರು ವಾರದ ಕಾಯುವಿಕೆಯೂ ಒಂದು ಸರದಿಯ ನೀರಿನಲ್ಲಿ ವ್ಯರ್ಥವಾಗುವುದು. ದುಂಡಾಣು ಸೊರಗು ನೀರಿನೊಡನೆ ತಾಕಿನಿಂದ ತಾಕಿಗೆ ಹರಿಯುತ್ತದೆ. ನೇಗಿಲಿನ ಗುಳಕ್ಕೆ, ಟ್ರಾಕ್ಟರಿನ ಗಾಲಿಗೆ, ಆಳಿನ ಕಾಲಿಗೆ ಅಂಟಿದ ಮಣ್ಣಿನೊಡನೆಯೂ ಹೋಗುತ್ತದೆ. ಬದುವಿನ ಮೇಲಿನ ಗಣಿಕೆ ಸೊಪ್ಪಿನ ಗಿಡದಲ್ಲಿ ಯಾವ ಚಿಹ್ನೆಯನ್ನೂ ತೋರದೆ ಅಡಗಿರುವುದೂ ಉಂಟು. ಆದುದರಿಂದ ಇದು ಒಬ್ಬೊಬ್ಬ ರೈತನ ರೋಗವೆನ್ನುವುದಕ್ಕಿಂತ ಒಂದೊಂದು ಕಾಲುವೆಯ ರೋಗವೆಂದು ತಿಳಿಯುವುದೇ ಸರಿ. ಇಲ್ಲಿ ಊರಿನ ಮುಖಂಡರ ಮಾತು ಇಲಾಖೆಯ ಸಲಹೆಗಿಂತ ಹೆಚ್ಚು ನಡೆಯುವುದು.

ಒಂದು ಕಾಲುವೆಯ ಕೆಳಗಿನ ಹಿಡುವಳಿದಾರರನ್ನು ವರ್ಷಕ್ಕೊಮ್ಮೆ ಕೂಡಿಸಿ ಮೂರು ವಿಷಯಗಳನ್ನು ಗೊತ್ತುಮಾಡಿಕೊಳ್ಳಬಹುದು. ರೋಗದ ಗಿಡಗಳನ್ನೂ ಕೊಳೆತ ಗೆಡ್ಡೆಗಳನ್ನೂ ಕಾಲುವೆಗೆ ಹಾಕದೆ ಸುಡುವುದು ಅಥವಾ ಆಳವಾಗಿ ಹೂಳುವುದು. ರೋಗವಿರುವ ತಾಕಿನ ಹೆಚ್ಚುನೀರು ನೆರೆಯ ತಾಕಿಗೆ ನುಗ್ಗದಂತೆ ಬಸಿಗಾಲುವೆಗೆ ತಿರುಗಿಸುವುದು. ಬಾಡಿಗೆಯ ಟ್ರಾಕ್ಟರು ಅಂತಹ ತಾಕನ್ನು ಎಲ್ಲಕ್ಕೂ ಕೊನೆಯಲ್ಲಿ ಉತ್ತು, ಗುಳಗಳನ್ನು ತೊಳೆದು ಹೊರಡುವುದು. ಸೊಪ್ಪು ಕತ್ತರಿಸುವ ಯಂತ್ರವನ್ನು ಒಬ್ಬೊಬ್ಬರೂ ಕೊಳ್ಳುವುದು ಅಸಾಧ್ಯವಾದರೂ, ಸಹಕಾರ ಸಂಘದ ಮೂಲಕ ಊರಿಗೊಂದನ್ನು ತರಿಸುವುದು ಕಷ್ಟವಲ್ಲ. ಅಕ್ಕಪಕ್ಕದವರು ಒಂದೇ ವಾರದಲ್ಲಿ ಬಿತ್ತಿದರೆ ಒಂದೇ ವಾರದಲ್ಲಿ ಉಳುವುದಕ್ಕೂ ಅನುಕೂಲ.

ಶುಂಠಿಗೆ ಜಮೀನನ್ನು ಗುತ್ತಿಗೆ ಕೊಡುವವರು ಇನ್ನೂ ಒಂದು ಸಂಗತಿಯನ್ನು ಯೋಚಿಸತಕ್ಕದ್ದು. ಗುತ್ತಿಗೆದಾರನು ಒಂದು ಫಸಲು ತೆಗೆದು ಬೇರೆ ಹೊಸ ಭೂಮಿಯನ್ನು ಹುಡುಕಿಕೊಂಡು ಹೋಗುವನು. ಶುಂಠಿಯನ್ನು ಅದೇ ನೆಲದಲ್ಲಿ ಮರಳಿ ಬೆಳೆಯುವುದು ಅಪಾಯವೆಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ. ಆದರೆ ಕೊಳೆತ ಗೆಡ್ಡೆಯ ಚೂರುಗಳೂ ಸೊರಗಿನ ಬೀಜವೂ ಜಮೀನಿನ ಒಡೆಯನಿಗೆ ಉಳಿಯುವುವು. ಕೈಗೆ ಬಂದ ಗುತ್ತಿಗೆಯ ಹಣವು ಒಂದು ವರ್ಷದ್ದು, ಭೂಮಿಗೆ ಅಂಟಿದ ಸೊರಗು ಹಲವು ವರ್ಷದ್ದು. ಕರಾರು ಪತ್ರದಲ್ಲಿ ಹಣ ಮತ್ತು ಅವಧಿಗಳನ್ನು ಬರೆಯುವಂತೆಯೇ, ಅಗೆತವಾದ ಮೇಲೆ ಕೊಳೆತ ಗೆಡ್ಡೆಗಳನ್ನು ಆಯ್ದು ನಾಶಪಡಿಸುವುದನ್ನೂ, ಒಂದು ಸಾಸಿವೆಯ ಬೆಳೆಯನ್ನು ಗುತ್ತಿಗೆದಾರನ ಖರ್ಚಿನಲ್ಲಿ ಬೆಳೆದು ಉತ್ತು ಭೂಮಿಯನ್ನು ಒಪ್ಪಿಸುವುದನ್ನೂ ಬರೆಯಿಸಿಕೊಳ್ಳುವುದು ನ್ಯಾಯವೇ ಆಗಿದೆ. ಶುಂಠಿಯ ಮೇಲೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ, ನೆಲಗಡಲೆಗಳನ್ನು ಹಾಕಬಾರದು. ದುಂಡಾಣು ಸೊರಗು ಇವುಗಳಿಗೂ ಬರುವಂತಹದು. ರಾಗಿ, ಜೋಳ, ಭತ್ತಗಳಿಗೆ ಆ ಭಯವಿಲ್ಲ.

ಮೊದಲನೆಯ ವರ್ಷದಲ್ಲಿ ಇಡೀ ಜಮೀನಿಗೆ ಸಾಸಿವೆಯನ್ನು ಹಾಕದೆ, ರೋಗವು ಒಂದೇ ಸಮನಾಗಿ ಕಂಡುಬಂದಿದ್ದ ತಾಕನ್ನು ಆರಿಸಿ, ಅದರ ಅರ್ಧಕ್ಕೆ ಮಾತ್ರ ಹಾಕಿ ಉಳಿದರ್ಧವನ್ನು ಎಂದಿನಂತೆ ಉಳುವುದು ಒಳ್ಳೆಯದು. ನೀರು ಸಾಸಿವೆಯ ಅರ್ಧದಿಂದ ಇನ್ನೊಂದು ಅರ್ಧಕ್ಕೆ ಹರಿಯುವಂತಿರಬೇಕು, ಎದುರಾಗಿ ಹರಿಯಬಾರದು. ಎರಡರಲ್ಲಿಯೂ ಒಂದೇ ಪಾತಿಯ ಸಸಿಗಳನ್ನು ಒಂದೇ ದಿನ ನೆಟ್ಟು, 30ನೆಯ ದಿನವೂ 60ನೆಯ ದಿನವೂ ಎರಡೂ ಕಡೆ ನೂರು ನೂರು ಗಿಡಗಳಲ್ಲಿ ಸತ್ತವೆಷ್ಟೆಂದು ಎಣಿಸಿ ಬರೆದಿಡತಕ್ಕದ್ದು. ರೋಗವು ಯಾವುದೆಂದು ತಿಳಿಯದಿದ್ದರೆ ಬಾಡಿದ ಗಿಡವನ್ನು ಬೇರು ಮಣ್ಣುಗಳ ಸಹಿತ ಕಿತ್ತು, ಒದ್ದೆಯ ಕಾಗದದಲ್ಲಿ ಸುತ್ತಿ, ಅಂದೇ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಬಹುದು. ಒಣಗಿದ ಗಿಡದಿಂದ ಏನೂ ತಿಳಿಯಬರುವುದಿಲ್ಲ.